ಏಳು ಗಂಟೆಯಲ್ಲ, ಹನ್ನೆರಡು

ಕೋಳಿಮರಿ ಕೇಂದ್ರದ ಒಳಕೋಣೆಗೆ ಕಿಟಕಿಯಿಲ್ಲ. ದೀಪ ಆರುವುದಿಲ್ಲ. ಹೊರಗೆ ಹಗಲೋ ಇರುಳೋ, ಒಳಗಿದ್ದವರಿಗೆ ಸಂಬಂಧವಿಲ್ಲ. ಅಲ್ಲಿ ಸಮಯ ಶುರುವಾಗುವುದೇ ಮೊದಲ ಮೊಟ್ಟೆ ಒಡೆದಾಗ. ಅತ್ತೆ ಒಪ್ಪಿಸಿದ ಕೆಲಸವೆಂದು ಸೊಸೆ ಹಲಗೆಯ ಮೇಲೆ ಲೆಕ್ಕ ಬರೆದಿದ್ದಳು. ಮೊದಲ ಮರಿ ಬೆಳಗ್ಗೆ ಆರಕ್ಕೆ. ಮರುದಿನ ಹತ್ತಕ್ಕೆ, ಮರಿಗಳನ್ನು ಹೊರದೇಶಕ್ಕೆ ಒಯ್ಯುವ ವಿಮಾನ ಹೊರಡುವಾಗ ಅದಕ್ಕೆ ಇಪ್ಪತ್ತೆಂಟು ಗಂಟೆ. ವಿಮಾನದಲ್ಲಿ ಏಳು. ಇಳಿದ ಮೇಲೆ ತಪಾಸಣೆ, ರಸ್ತೆ ಎಲ್ಲ ಸೇರಿ ಒಂಬತ್ತು. ಒಟ್ಟು ನಲವತ್ತನಾಲ್ಕು.

ಮೊಟ್ಟೆಯ ಹಳದಿ ಹೊಟ್ಟೆಯಲ್ಲಿ ಉಳಿದಿರುವಷ್ಟು ಹೊತ್ತು ಮರಿಗೆ ಬೇರೇನೂ ಬೇಡ. ಆದರೂ ನಲವತ್ತೆಂಟು ಗಂಟೆಯೊಳಗೆ ಸಾವಿರ ಮರಿಗಳ ಬಾಯಿಗೆ ನೀರು ಬೀಳಬೇಕೆಂಬುದು ಕೊಳ್ಳುವವನ ಷರತ್ತು. ತಪ್ಪಿದರೆ ಈ ಮೊದಲ ಆರ್ಡರೇ ಕೊನೆಯದು ಎಂದು ಮುಖಕ್ಕೆ ಹೊಡೆದ ಹಾಗೆ ಬರೆದಿದ್ದ.

ಸಂಜೆ ಅವಳ ತಮ್ಮ ಬಂದ. ವಿಮಾನ ನಿಲ್ದಾಣದ ಸರಕು ವಿಭಾಗದಲ್ಲಿ ಕೆಲಸ ಅವನಿಗೆ. ಹಲಗೆ ಓದಿ ಹುಬ್ಬೇರಿಸಿದ.

"ಅಕ್ಕಾ, ಈ ಏಳು ಗಂಟೆ ಎಲ್ಲಿಂದ ಬಂತು?"

"ವಿಮಾನದ ಚೀಟೀಲೇ ಇದೆಯಲ್ಲೋ. ಹತ್ತಕ್ಕೆ ಬಿಡುತ್ತೆ, ನಾಲ್ಕೂವರೆಗೆ ಸೇರುತ್ತೆ. ಏಳು ಅಂತ ಹಿಡಿದೆ."

"ಒಂಬತ್ತು ಸಾವಿರದ ಎಂಟುನೂರು ಕಿಲೋಮೀಟರು ದೂರ. ಏಳು ಗಂಟೇಲಿ ಹೋಗ್ಬೇಕಂದ್ರೆ ವಿಮಾನಕ್ಕೆ ದೆವ್ವ ಹಿಡೀಬೇಕು. ನಾಲ್ಕೂವರೆ ಅನ್ನೋದು ಅಲ್ಲಿಯ ಗಡಿಯಾರ ಕಣಕ್ಕಾ. ಆಗ ಇಲ್ಲಿ ರಾತ್ರಿ ಹತ್ತು. ಹನ್ನೆರಡು ಗಂಟೆ ಹಾರಾಟ."

ಸೊಸೆ ಏಳನ್ನು ಅಳಿಸಿ ಹನ್ನೆರಡು ಬರೆದಳು. ಒಟ್ಟು ಈಗ ನಲವತ್ತೊಂಬತ್ತು.

"ಕಾಲೇಜಿಗೆ ಹೋದವಳು ಅಂತ ಲೆಕ್ಕ ನಿನ್ನ ಕೈಗೆ ಕೊಟ್ಟೆ ನೋಡು," ಎಂದಳು ಮೂಲೆಯಲ್ಲಿದ್ದ ಅತ್ತೆ. ಮೂವತ್ತು ವರ್ಷ ರೆಕ್ಕೆಯ ಗರಿ ನೋಡಿ ಮರಿಗಳ ಗಂಡು ಹೆಣ್ಣು ಬೇರೆ ಮಾಡಿದವಳು. "ಒಟ್ಟು ಎಷ್ಟು ಒಡೆದಿವೆ?"

"ಸಾವಿರದ ಇನ್ನೂರ ನಲವತ್ತು."

"ಮತ್ಯಾಕೆ ತಲೆ ಮೇಲೆ ಕೈ ಹೊತ್ತಿದೀಯ? ನಲವತ್ತೊಂಬತ್ತು ಆಗೋದು ಆರಕ್ಕೆ ಬಂದವಕ್ಕೆ. ಮಧ್ಯಾಹ್ನ ಬಂದವು ಇನ್ನೂ ಎಳೇವು. ಬೆಳಗಿನವನ್ನ ಎತ್ತಿ ಇಲ್ಲೇ ಇಟ್ಕೊ."

"ಎಲ್ಲ ಒಂದೇ ಥರ ಇವೆಯಲ್ಲ ಅತ್ತೆ."

"ನಿನ್ನ ಕಣ್ಣಿಗೆ."

ಅತ್ತೆ ಒಂದು ಮರಿಯನ್ನು ಅಂಗೈಗೆ ತೆಗೆದುಕೊಂಡು ಹೆಬ್ಬೆರಳಿನಿಂದ ರೆಕ್ಕೆ ಬಿಡಿಸಿದಳು. ಬೆಳಗಿನದರ ಗರಿ ಒಣಗಿ ಒಂದು ಕೂದಲೆಳೆಯಷ್ಟು ಹೆಚ್ಚು ಉದ್ದವಾಗಿತ್ತು; ಮಧ್ಯಾಹ್ನದ್ದು ಮೊಂಡು. ಸೊಸೆ ಮೊದಲ ಐವತ್ತರಲ್ಲಿ ಹತ್ತು ತಪ್ಪಿದಳು, ಬೈಸಿಕೊಂಡಳು. ಆಮೇಲೆ ಕೈ ಕೂಡಿಬಂತು. ತಮ್ಮ ಎಳೆಯವನ್ನು ಡಬ್ಬಕ್ಕೆ ತುಂಬಿದ. ಬೆಳಗಿನವು ಇನ್ನೂರ ಮೂವತ್ತಾರು ಸಿಕ್ಕವು.

"ಡಬ್ಬದಲ್ಲಿ ನಾಲ್ಕು ಮರಿ ಜಾಸ್ತಿ ಆಯ್ತಲ್ಲ," ಎಂದ ತಮ್ಮ.

"ಹೋಗ್ಲಿ ಬಿಡು, ಕೊಸರು," ಎಂದಳು ಅತ್ತೆ.

ವಿಮಾನ ಹೊರಟ ಮಾರನೆಯ ಬೆಳಗ್ಗೆ ಫೋನಿಗೆ ಚಿತ್ರ ಬಂತು: ನೀರಿನ ತಟ್ಟೆಯ ಸುತ್ತ ಹಳದಿ ನೂಕುನುಗ್ಗಲು. ಕೆಳಗೆ ಎರಡೇ ಸಾಲು. ಎರಡು ಸತ್ತಿವೆ. ಬರುವ ತಿಂಗಳು ಎರಡು ಸಾವಿರ ಕಳಿಸಿ.

"ಒಪ್ಕೊಂಡು ಬರಿ," ಎಂದಳು ಅತ್ತೆ. "ಗಂಟೆ ಮಾತ್ರ ನಿನ್ನ ತಮ್ಮ ಹೇಳ್ಲಿ."

ಸೊಸೆಗೆ ಅದೂ ಸಿಟ್ಟು ತರಿಸಲಿಲ್ಲ. ಒಪ್ಪಿಗೆ ಬರೆದು ಕಳಿಸಿ, ಬಾಕಿಯಿದ್ದ ನಿದ್ದೆ ಮಾಡಲು ಹೋದಳು.