ಅಪ್ಪನ ಲೋಟ

"ಟೀ ಲೋಟ ಇಡೋಕೆ ಇದೇನು ನಿಮ್ಮಪ್ಪನ ಟೇಬಲ್ಲಾ? ಏಳನೇ ಕ್ಲಾಸಿಗೇ ಸ್ಕೂಲು ಬಿಟ್ಟ ಕತ್ತೆಗೆ ಏನು ಗೊತ್ತು ನಕ್ಷೆಯ ಬೆಲೆ!"

ಹನ್ನೊಂದು ಜನ ತಜ್ಞರ ಎದುರಿಗೆ ನಿರ್ದೇಶಕರು ನನ್ನ ಮೇಲೆ ಹೀಗೆ ಕಿರುಚಿದರು. ದೇಶದ ಆಧುನಿಕ ಕಟ್ಟಡಗಳ ನಕ್ಷೆಗಳನ್ನು ಕಾಪಾಡುವ ಸಂಗ್ರಹಾಲಯದಲ್ಲಿ ಪೆಟ್ಟಿಗೆ ಹೊರುವವನು ನಾನು. ಮೇಜಿನ ಮೇಲೆ ಹಳೆಯ ಬಸ್ ನಿಲ್ದಾಣದ ಮೊದಲ ಪೆನ್ಸಿಲ್ ನಕ್ಷೆ. ಅದರಲ್ಲಿ ಬರೆದ ಮುಂಭಾಗದ ಗೋಡೆಯ ಮೇಲೆ ಉಂಗುರದಂಥ ಕಂದು ಕಲೆ.

ಮೈಯೆಲ್ಲ ಉರಿಯಿತು. "ಕಲೆ ನಂದಲ್ಲ ಸಾರ್, ನಮ್ಮಪ್ಪಂದು. ಆ ಗೋಡೆ ಕಟ್ಟಿದ ಮೇಸ್ತ್ರಿ ಅವರೇ. ಕಟ್ಟೋಕೆ ಮುಂಚೆ ಈ ನಕ್ಷೆ ಮೇಲೆ ಲೋಟ ಇಟ್ಟಿದ್ರಂತೆ. ನಕಲು ಮಾಡೋರು ಅದನ್ನ ಕಿಟಕಿ ಅಂದ್ಕೊಂಡು ಶಾಯೀಲಿ ಬರೆದ್ಬಿಟ್ರು. ಬರೆದ ಮೇಲೆ ಕಟ್ಟಲೇಬೇಕಲ್ಲ, ಕಟ್ಟಿದ್ರು."

ಆ ದುಂಡು ಕಿಟಕಿಯ ಮೇಲೆ ಅಲ್ಲಿದ್ದ ಮೂವರು ಪುಸ್ತಕ ಬರೆದಿದ್ದರು. ಒಬ್ಬರು ಅದನ್ನು "ಹೊಸ ರಾಷ್ಟ್ರದ ಕಣ್ಣು" ಎಂದಿದ್ದರು. ಮಳೆ ಬಂದರೆ ಆ ಕಣ್ಣಿನಿಂದ ನೀರು ನೇರವಾಗಿ ಟಿಕೆಟ್ ಕೊಡುವವನ ನೆತ್ತಿಗೆ ಸುರಿಯುತ್ತಿತ್ತು ಎಂಬುದು ಯಾವ ಪುಸ್ತಕದಲ್ಲೂ ಇರಲಿಲ್ಲ.

ಅಪ್ಪ ಇಂದಿಗೂ ಟೀ ಕುಡಿಯುವುದು ಅದೇ ಲೋಟದಲ್ಲಿ. ಮಾರನೆಯ ದಿನ ತಂದು ಕಲೆಯ ಮೇಲಿಟ್ಟೆ. ಕೂದಲೆಳೆಯಷ್ಟೂ ಆಚೀಚೆ ಆಗಲಿಲ್ಲ. ಪುಸ್ತಕ ಬರೆದವರು ಗೊಳೋ ಎಂದು ಅತ್ತರು, ಅದೂ ಸಂತೋಷಕ್ಕೆ. "ಹಾಗಾದ್ರೆ ಈ ಲೋಟವೇ ಮೂಲ!" ಬಿಳಿ ಕೈಗವಸು ಹಾಕಿಕೊಂಡು ಅದನ್ನು ಗಾಜಿನ ಪೆಟ್ಟಿಗೆಯಲ್ಲಿ, ಮಖಮಲ್ಲಿನ ಮೇಲೆ ಮಲಗಿಸಿದರು.

ಮನೆಯಲ್ಲಿ ಅಪ್ಪ ಬಚ್ಚಲಿನ ಚೊಂಬಿನಲ್ಲಿ ಟೀ ಕುಡಿಯತೊಡಗಿದರು. "ಲೋಟ ಹೋದ್ರೆ ಹೋಗ್ಲಿ ಬಿಡೋ. ಪ್ರದರ್ಶನಕ್ಕೆ ಇಡೋವಾಗ ಪಕ್ಕದ ಚೀಟೀಲಿ ನನ್ನ ಹೆಸರು ಬರೀತಾರಲ್ವಾ?" ದಿನಾ ಅದೊಂದೇ ಪ್ರಶ್ನೆ. ಅವರು ಕಟ್ಟಿದ ಒಂದು ಗೋಡೆಯ ಮೇಲೂ ಅವರ ಹೆಸರಿಲ್ಲ.

ಪ್ರದರ್ಶನದ ದಿನ ಚೀಟಿ ಓದಿದೆ. "ಲೋಟ. ಸ್ಟೀಲು. ಬಳಸಿದವರು: ತಿಳಿದಿಲ್ಲ."

"ಸಾರ್, ಅಪ್ಪನ ಹೆಸರು ಬರೆದು ಕೊಟ್ಟಿದ್ನಲ್ಲ?" ನಿರ್ದೇಶಕರನ್ನು ಕೇಳಿದೆ.

"ವಾಸ್ತುಶಿಲ್ಪಿಗಳ ಪಟ್ಟೀಲಿ ಇರೋ ಹೆಸರು ಮಾತ್ರ ಹಾಕ್ಬೇಕಪ್ಪ, ನಿಯಮ. ಪಟ್ಟೀಲಿ ಇಲ್ದೋರೆಲ್ಲ 'ತಿಳಿದಿಲ್ಲ'. ನಮಗೆ ತಿಳಿದಿದ್ರೂ ಅಷ್ಟೇ."

"ಅವರು ಬಂದಿದಾರೆ ಸಾರ್. ಹೊರಗೆ ಬೆಂಚಿನ ಮೇಲೆ ಕೂತಿದಾರೆ."

"ಕೂತಿರ್ಲಿ. ಒಳಗೆ ಬಿಟ್ಟೀಯ ಮತ್ತೆ! ಬೆವರಿಗೆ ನಕ್ಷೆ ಹಾಳಾಗುತ್ತೆ."

ಪೆಟ್ಟಿಗೆಯ ಮುಚ್ಚಳ ಎತ್ತಿ ಬರಿಗೈಯಲ್ಲಿ ಲೋಟ ತೆಗೆದುಕೊಂಡೆ.

"ಲೇ, ಲೇ! ರಾಷ್ಟ್ರದ ಆಸ್ತಿ ಕಣೋ ಅದು! ಯಾರದ್ದು ಅಂತ ತಗೊಂಡು ಹೋಗ್ತಿದ್ದೀಯ?"

ನಾನು ಬೆಂಚಿನ ಕಡೆ ನಡೆದೆ.