ನೀರಿನ ಸದ್ದು ತೆಗೆದ ಹಾಡು

"ಇದರಾಗ ತಾಳ ಎಲ್ಲದ ಭಾಗ್ಯ? ನೀನೇ ಹುಡುಕಿ ತೋರಸು ನೋಡೋಣ" ಎನ್ನುತ್ತ ರಘೋತ್ತಮ ಮೇಷ್ಟ್ರು ಹೆಡ್‌ಫೋನನ್ನು ಕಿವಿಯಿಂದ ತೆಗೆದು ಮೇಜಿನ ಮೇಲೆ ಮೆಲ್ಲಗೆ ಇಟ್ಟರು. ಇಟ್ಟ ರೀತಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಭಾಗ್ಯಳಿಗೆ ಅಷ್ಟು ನೋವಾಗುತ್ತಿರಲಿಲ್ಲ.

ಕಂಪ್ಯೂಟರಿನ ಪರದೆಯ ಮೇಲೆ ಅವಳ ತಾಯಿ ಹೊನ್ನೂರಮ್ಮನ ದನಿ ಹಸಿರು ಗೆರೆಯಾಗಿ ಏರಿಳಿದು ನಿಂತಿತ್ತು. ಕಾಲುವೆಗೆ ನೀರು ಬಿಟ್ಟ ವಾರ, ಕರೂರಿನ ಗದ್ದೆಯಲ್ಲಿ ಏಳು ಜನ ಹೆಂಗಸರು ಕೆಸರಿಗಿಳಿದು ನೆಲ್ಲಿನ ಸಸಿ ಹಚ್ಚುತ್ತ ಹಾಡಿದ ಹಾಡು ಅದು. ಬಳ್ಳಾರಿಯ ಕಾಲೇಜಿನಲ್ಲಿ ಸಂಗೀತ ಪದವಿಯ ಕೊನೆಯ ವರ್ಷ ಓದುತ್ತಿದ್ದ ಭಾಗ್ಯ, ಧ್ವನಿಮುದ್ರಣದ ಪತ್ರಿಕೆಗೆ ಬೇರೆ ಯಾವ ಹಾಡನ್ನೂ ಯೋಚಿಸಿರಲಿಲ್ಲ. ಬದುವಿನ ಮೇಲೆ ಕುಳಿತು ತಾನೇ ಮುದ್ರಿಸಿಕೊಂಡು ಬಂದಿದ್ದಳು. ಆಮೇಲೆ ಕಾಲೇಜಿನ ಲ್ಯಾಬಿನಲ್ಲಿ ಮೂರು ದಿನ ಕುಳಿತು, ಅಕ್ಕಿಯಲ್ಲಿ ಕಲ್ಲು ಆರಿಸುವವಳಂತೆ ಅದನ್ನು ಹಸನು ಮಾಡಿದ್ದಳು. ವಿಭಾಗದವರು ಕೊಟ್ಟಿದ್ದ ಸೂಚನೆಯ ಹಾಳೆಯಲ್ಲಿ ಎರಡು ಮಾತು ದಪ್ಪಕ್ಷರದಲ್ಲಿದ್ದವು: ಧ್ವನಿಮುದ್ರಿಕೆಯಲ್ಲಿ ಹೊರಗಿನ ಗದ್ದಲವಿರಬಾರದು, ಖಾಲಿ ಜಾಗವಿರಬಾರದು. ಅವಳು ಎರಡನ್ನೂ ಅಕ್ಷರಶಃ ಪಾಲಿಸಿದ್ದಳು. ನೀರಿನ ಸದ್ದು, ಬಳೆಯ ಸದ್ದು ತೆಗೆದಿದ್ದಳು. ಅವು ಹೋದ ಮೇಲೆ ಬರಿದಾಗಿ ಉಳಿದ ಜಾಗಗಳನ್ನು ಕತ್ತರಿಸಿ, ದನಿಗೆ ದನಿ ಕೂಡಿಸಿ ಜೋಡಿಸಿದ್ದಳು.

"ನಾ ಮೂರು ಸಲ ಕೇಳೀನಿ" ಎಂದರು ಮೇಷ್ಟ್ರು. "ಒಂದು ಸಾಲು ಐದು ಮಾತ್ರಿಗೆ ಮುಗೀತದ, ಇನ್ನೊಂದು ಐದೂವರಿಗೆ, ಮತ್ತೊಂದು ಯಾವುದಕ್ಕೂ ಸಿಗೂದಿಲ್ಲ. ಪಾಪ, ಹೊಲದಾಗ ದುಡಿಯೋರು, ದಣಿವು ಮರೀಲಿಕ್ಕೆ ಏನೋ ಹಾಡ್ಕೋತಾರ. ಅದು ತಪ್ಪಂತ ನಾ ಅನ್ನೂದಿಲ್ಲ. ಆದ್ರ ಇದು ಸಂಗೀತ ಅಂತ ಸಹಿ ಹಾಕ್ಲಿಕ್ಕೆ ನನ್ನ ಕೈಲೆ ಆಗೂದಿಲ್ಲ."

ಪಾಪ ಎಂಬ ಆ ಒಂದು ಮಾತು ಭಾಗ್ಯಳ ಎದೆಗೆ ಮುಳ್ಳಿನಂತೆ ನಾಟಿತು. ಜಗತ್ತಿಗೆ ಅನ್ನ ಹಾಕುವ ಕೈಗಳ ವಿದ್ಯೆಯನ್ನು ವಿದ್ಯೆಯೆಂದು ಒಪ್ಪಲು ಮನಸ್ಸಿಲ್ಲದವರು, ಅದರ ಮೇಲೆ ಕನಿಕರದ ಬಟ್ಟೆ ಹೊದಿಸಿ ಮೂಲೆಗೆ ಸರಿಸುವುದು ಹೊಸದೇನಲ್ಲ. ಅವಳು ಓದಿದ ಸಂಗೀತ ಇತಿಹಾಸದ ಪುಸ್ತಕವೂ ಅದನ್ನೇ ಮಾಡಿತ್ತು. ಆಸ್ಥಾನಗಳಿಗೆ ಎಂಬತ್ತು ಪುಟ, ದುಡಿಯುವವರ ಹಾಡಿಗೆ ಒಂದೂವರೆ ಪುಟ. ಅದರಲ್ಲಿಯೂ ಇದೇ ಮಾತು, ದಣಿವು ಮರೆಯಲು ಹಾಡುತ್ತಾರೆ ಎಂದು.

"ಸೋಮವಾರ ವೈವಾ ಅದ" ಎಂದು ಮೇಷ್ಟ್ರು ಮುಂದುವರಿಸಿದರು. "ಅಷ್ಟರಾಗ ಒಂದು ದೇವರನಾಮ ಮುದ್ರಿಸಿಕೊಂಡು ಬಾ. ಶ್ರೀವಲ್ಲಿ ಕುರುಗೋಡಿನ ಭಜನಾ ಮಂಡಳಿದು ಎಷ್ಟು ಚಂದ ಮಾಡ್ಯಾಳ ನೋಡು. ಇಲ್ಲಾಂದ್ರ ಪತ್ರಿಕಿ ಉಳೀತದ, ನಿನ್ನ ಪದವಿನೂ ಒಂದು ವರ್ಷ ಉಳೀತದ."

ರಘೋತ್ತಮ ಮೇಷ್ಟ್ರು ಕೆಟ್ಟವರಲ್ಲ. ಮೂರು ವರ್ಷದ ಹಿಂದೆ ಭಾಗ್ಯಳ ದನಿ ಕೇಳಿ, ಶುಲ್ಕದ ರಿಯಾಯಿತಿಗೆ ಪ್ರಾಂಶುಪಾಲರ ಬಳಿ ತಾವೇ ನಿಂತು ಮಾತಾಡಿದವರು. ತಮ್ಮ ಕಿವಿಗೆ ಕೇಳದ್ದನ್ನು ಕೇಳಿತೆಂದು ಹೇಳುವ ಜಾಯಮಾನ ಅವರದಲ್ಲ. ಭಾಗ್ಯ ಮನಸ್ಸಿನೊಳಗೇ ಹಾಡಿಕೊಂಡು ನೋಡಿದಳು, ತಾಳವಿತ್ತು. ಪರದೆಯ ಮೇಲಿನದಕ್ಕೆ ಕೈ ಹಾಕಿ ನೋಡಿದಳು, ಇರಲಿಲ್ಲ.

ಹೊರಗೆ ಸಹಪಾಠಿ ಶ್ರೀವಲ್ಲಿ ಕಾಯುತ್ತಿದ್ದಳು. "ಬ್ಯಾಸರ ಮಾಡ್ಕೋಬ್ಯಾಡ್ವೇ. ನಮ್ಮ ಮಂಡಳಿಯವರ ಬಾಯಾಗ ಎಲಿ ಅಡಕಿ ತುಂಬಿತ್ತು. ಸರ್ ಅದನ್ನ ಭಕ್ತಿಗೆ ಗಂಟಲು ಕಟ್ಟೇದ ಅಂತ ತಿಳ್ಕೊಂಡಾರ."

ಭಾಗ್ಯ ನಗಲು ಹೋದಳು, ಆಗಲಿಲ್ಲ. "ನಾಳಿ ಊರಿಗೆ ಹೋಗಿ ಬರ್ತೀನಿ" ಎಂದಳು.

"ದೇವರನಾಮಕ್ಕೇನ?"

"ನಮ್ಮವ್ವ ಒಂದೆರಡು ಹಾಡ್ತಾಳ. ಏನ್ಮಾಡೋದು, ವರ್ಷ ಹೋಗಬಾರದಲ್ಲ?" ಎಂದವಳಿಗೆ, ತನ್ನ ಮಾತು ತನಗೇ ಅಸಹ್ಯವಾಯಿತು.

*

ಶನಿವಾರ ಸಿರುಗುಪ್ಪದಲ್ಲಿ ಬಸ್ಸು ಬದಲಿಸಿ ಕರೂರಿಗೆ ಇಳಿದಾಗ ಹೆಂಗಸರು ಬದುವಿನ ಮೇಲೆ ಬುತ್ತಿ ಬಿಚ್ಚಿದ್ದರು. ಗದ್ದೆಯ ಅರ್ಧ ಹಸಿರಾಗಿತ್ತು. ಉಳಿದರ್ಧ ಕನ್ನಡಿಯಂತೆ ಆಕಾಶವನ್ನು ಹೊತ್ತು ಕಾಯುತ್ತಿತ್ತು. ಹೊನ್ನೂರಮ್ಮ ಮಗಳಿಗೊಂದು ರೊಟ್ಟಿ ಕೊಟ್ಟು, "ಏನಂದ್ರು ನಿಮ್ಮ ಮೇಷ್ಟ್ರು? ಹಾಡು ಪಾಸಾತೇನ?" ಎಂದಳು.

ಭಾಗ್ಯ ಮೊಬೈಲಿನಲ್ಲಿ ಹಸನು ಮಾಡಿದ ಮುದ್ರಿಕೆಯನ್ನು ಹಚ್ಚಿದಳು. ಏಳೂ ಜನ ತಲೆ ಕೂಡಿಸಿ ಕೇಳಿದರು. ಬಾದನಹಟ್ಟಿಯಿಂದ ಈ ಊರಿಗೆ ಸೊಸೆಯಾಗಿ ಬಂದ ಶಿವಬಸಮ್ಮ ಎಲ್ಲರಿಗಿಂತ ಮೊದಲು ಬಾಯಿ ತೆರೆದಳು. "ಹೊನ್ನೂರಕ್ಕಾ, ನಿನ್ನ ಬೆನ್ನಿಗೆ ಯಾರರ ನಾಯಿ ಬಿಟ್ಟಿದ್ರೇನ ಆವತ್ತು? ಹಂಗ್ಯಾಕ ಓಡಿದಿ?"

ಎಲ್ಲರೂ ನಕ್ಕರು. ಹೊನ್ನೂರಮ್ಮ ನಗಲಿಲ್ಲ. ಕೊನೆಯವರೆಗೆ ಕೇಳಿ, "ದನಿ ನಂದು. ಹಾಡು ನಂದಲ್ಲ" ಎಂದಳು. "ಕೈ ಎಲ್ಲಿ ಇದರಾಗ? ಕಾಲೆಲ್ಲಿ?"

"ಅದು ಗದ್ದಲ ಅಂತ ತೆಗದೀನವ್ವ. ಹಂಗ ಮಾಡ್ರಿ ಅಂತ ಹಾಳ್ಯಾಗ ಬರದು ಕೊಟ್ಟಾರ."

"ಗದ್ದಲ?" ಹೊನ್ನೂರಮ್ಮ ಮಗಳ ಮುಖವನ್ನು ಹೊಸದಾಗಿ ನೋಡುವಂತೆ ನೋಡಿದಳು. "ಐದು ಸಸಿ ಹಚ್ಚಿದ್ವಿ ಅಂದ್ರ ಎರಡು ಹೆಜ್ಜಿ ಹಿಂದ. ಹಚ್ಚೋವಾಗ ಬಾಯಿ ಹಾಡತೈತಿ, ಹೆಜ್ಜಿ ಇಡೋವಾಗ ಕಾಲು ಹಾಡತೈತಿ. ಕಾಲಿನ ಪಾಳಿ ಬಂದಾಗ ಬಾಯಿ ಸುಮ್ಮನಿರಬೇಕು. ನೀ ಆ ಜಾಗಾನ ಕಿತ್ತು ಒಗದೀಯಲ್ಲ? ಹಿಂಗ ಹಾಡಿದ್ರ ಏಳೂ ಮಂದಿ ಒಬ್ಬರ ಮ್ಯಾಲೊಬ್ಬರು ಬಿದ್ದು ಕೆಸರ ಕುಡೀತೀವಿ."

"ಮೇಷ್ಟ್ರು ಅಂತಾರ, ದಣಿವು ಮರಿಯಾಕ ಹಾಡ್ತೀರಂತ."

"ದಣಿವಿಗೆ ಚಾ ಕುಡೀತೀವಿ ಅಂತ ಹೇಳ್ಬೇ ಅವರಿಗೆ" ಎಂದಳು ಶಿವಬಸಮ್ಮ.

"ಸಾಲು ಸೊಟ್ಟ ಆಗಬಾರದಂತ ಹಾಡ್ತೀವಿ" ಎಂದಳು ಹೊನ್ನೂರಮ್ಮ. "ಏಳು ಮಂದಿ ಕೈ ಒಂದ ಸಲ ಇಳೀಬೇಕು, ಹದಿನಾಕು ಕಾಲು ಒಂದ ಸಲ ಸರೀಬೇಕು. ಇಲ್ಲಾಂದ್ರ ಸಸಿ ಗಿಡ್ಡು ಉದ್ದ ಬಿದ್ದು ತೆನಿ ಬರೋ ಹೊತ್ತಿಗೆ ಗದ್ದಿ ನಮ್ಮ ಮಾನ ಕಳೀತೈತಿ. ಇಳಿ ಕೆಳಗ. ಓದಿದ್ದು ಮರತು ಇಳಿ."

ಭಾಗ್ಯ ಚೂಡಿದಾರವನ್ನು ಮೊಣಕಾಲಿಗೆ ಮಡಚಿ ಇಳಿದಳು. ಎಂಟನೆಯವಳಾಗಿ ಸಾಲಿನ ತುದಿಗೆ ನಿಂತಳು. ಹೊನ್ನೂರಮ್ಮ ದನಿ ಎತ್ತಿದಳು: "ಹಸರ ಸೀರಿ ಉಡತಾಳ, ನೀರಾಗ ನಿಂತಾಳ..." ಮೊದಲ ಎರಡು ಸಾಲಿಗೆ ಭಾಗ್ಯ ಹಿಂದೆ ಬಿದ್ದಳು. ಮೂರನೆಯದಕ್ಕೆ ಶಿವಬಸಮ್ಮನ ಸೊಂಟ ಬಂದು ಅವಳ ಸೊಂಟಕ್ಕೆ ಬಡಿಯಿತು, "ಕಾಲೇಜೇ, ಸರೀ ಅತ್ತಾಗ!" ಎಂಬ ಬೈಗುಳವೂ ಬಿತ್ತು. ಆಮೇಲೆ ಯಾವ ಕ್ಷಣದಲ್ಲೆಂದು ಅವಳಿಗೂ ತಿಳಿಯದಂತೆ, ಕೈ ಐದು ಸಲ ಇಳಿಯಿತು, ಬಾಯಿ ನಿಂತಿತು, ಕಾಲು ಎರಡು ಸಲ ಸರಿಯಿತು. ಮತ್ತೆ ಐದು. ಮತ್ತೆ ಎರಡು.

ಮೂರು ವರ್ಷ ತರಗತಿಯಲ್ಲಿ ಬೆರಳು ಮಡಚಿ ಕಲಿತ ಲೆಕ್ಕ ಮೊಟ್ಟಮೊದಲ ಬಾರಿಗೆ ಅಂಗಾಲಿನವರೆಗೆ ಇಳಿದು ಹೋಯಿತು. ತಾಳವನ್ನು ಮೇಷ್ಟ್ರು ಕಳೆದಿರಲಿಲ್ಲ, ಅವ್ವನೂ ಕಳೆದಿರಲಿಲ್ಲ. ಓದಿದ ಮಗಳು ತನ್ನ ಕೈಯಾರೆ ಕತ್ತರಿಸಿ ಎಸೆದಿದ್ದಳು. ನಾಚಿಕೆಯಿಂದ ಅವಳ ಮುಖ ಸುಟ್ಟಿತು. ಆದರೆ ಅದರ ಬೆನ್ನಿಗೇ ಎಂಥದೋ ಬಲ ಬಂದು ಬೆನ್ನು ನೆಟ್ಟಗಾಯಿತು. ಹಸನು ಮಾಡುವ ಮೊದಲಿನ ಮುದ್ರಿಕೆ, ನೀರು ಕೆಸರು ಬಳೆಗಳ ಸಮೇತ, ರೆಕಾರ್ಡರಿನಲ್ಲಿ ಹಾಗೆಯೇ ಇತ್ತು.

ದೇವರನಾಮದ ಮಾತನ್ನು ಅವಳು ಎತ್ತಲೇ ಇಲ್ಲ. ಮರಳುವ ಮುನ್ನ ಒಂದು ಹಾಳೆ ತೆಗೆದು, ಏಳೂ ಜನರ ಪೂರ್ತಿ ಹೆಸರು ಬರೆದುಕೊಂಡಳು.

*

ಸೋಮವಾರ ವೈವಾ ಕೋಣೆಯ ಬಾಗಿಲಲ್ಲಿಯೇ ರಘೋತ್ತಮ ಮೇಷ್ಟ್ರು ತಡೆದರು. "ಹಳೇದನ್ನೇ ತಂದೀಯಂತ. ಹಠ ಬ್ಯಾಡವ್ವ. ಹೊರಗಿಂದ ಬಂದ ಪರೀಕ್ಷಕರು ತಬಲಾದಾಗ ಕೂದಲು ಬೆಳ್ಳಗ ಮಾಡ್ಕೊಂಡೋರು. ಅವರ ಮುಂದ ನಿನಗಾಗಿ ನಾ ಸುಳ್ಳು ಹೇಳೂದಿಲ್ಲ."

"ಹೇಳಬ್ಯಾಡ್ರಿ ಸರ್. ಹೋದ ವಾರ ನೀವು ಕೇಳಿದ್ದರಾಗ ತಾಳ ಇರಲಿಲ್ಲ, ಖರೇ ಐತಿ. ತೆಗದಾಕಿ ನಾನ. ಇವತ್ತು ಫೇಲಾದ್ರ ನನ್ನ ತಪ್ಪಿಗೆ ಆಗ್ತೀನಿ. ನಮ್ಮವ್ವಗ ತಾಳ ಇಲ್ಲ ಅಂತ ಮಾತ್ರ ಬರಕೊಂಡು ಹೋಗಾಕ ಬಿಡಂಗಿಲ್ರಿ."

ಮೇಷ್ಟ್ರು ಬಾಗಿಲಿನಿಂದ ಸರಿದು ದಾರಿ ಬಿಟ್ಟರು.

ಪರೀಕ್ಷಕಿ ಜಯಶ್ರೀ ಮೇಡಂ ಕನ್ನಡಕ ಏರಿಸಿ ಮುದ್ರಿಕೆಯ ವಿವರದ ಹಾಳೆ ಓದಿದರು. "ಗಾಯನ, ಹೊನ್ನೂರಮ್ಮ. ಸರಿ. ತಾಳವಾದ್ಯ ಅನ್ನೋ ಕಡೆ ಏಳು ಮಂದಿ ಹೆಸರು ಬರದೀಯಲ್ಲ? ಯಾವ ವಾದ್ಯ?"

"ನೀರು ಮೇಡಂ."

ಮೇಡಂ ಕನ್ನಡಕದ ಮೇಲಿಂದ ನೋಡಿದರು. "ಹಚ್ಚು."

ಮೊದಲು ಕೆಸರಿನೊಳಗೆ ಬೆರಳು ಇಳಿಯುವ ಸದ್ದು ಬಂತು; ಸಣ್ಣದು, ಐದು ಸಲ. ಆಮೇಲೆ ಹದಿನಾಲ್ಕು ಕಾಲುಗಳು ನೀರಿನಿಂದ ಎದ್ದು ನೀರಿಗೆ ಬೀಳುವ ಗಂಭೀರವಾದ ಸದ್ದು, ಎರಡು ಸಲ. ಅದರ ಮೇಲೆ ಹೊನ್ನೂರಮ್ಮನ ದನಿ ಬಂದು ಕುಳಿತಿತು. ಮೇಷ್ಟ್ರ ಬೆರಳು ರೂಢಿಯಂತೆ ಮಾತಿನ ಮೊದಲಕ್ಷರ ಹಿಡಿದು ಎಣಿಸುತ್ತ ಹೋಯಿತು, ಮಾತು ನಿಂತ ಕಡೆ ತಾನೂ ತಡವರಿಸಿತು. ಎರಡನೆಯ ಸುತ್ತಿಗೂ ಹಾಗೆಯೇ ಆಯಿತು. ಮೂರನೆಯದಕ್ಕೆ ಅವರು ಬೆರಳು ಬಿಟ್ಟು ನೀರನ್ನು ಕೇಳಿದರು. ನಾಲ್ಕನೆಯದಕ್ಕೆ ಅವರ ಅಂಗೈ ತೊಡೆಯ ಮೇಲೆ ಸರಿಯಾದ ಜಾಗದಲ್ಲಿ ಬಿತ್ತು.

"ಶಾಸ್ತ್ರದ ಪ್ರಕಾರ ಹೇಳು" ಎಂದರು ಮೇಡಂ.

"ಏಳು ಮಾತ್ರೆ. ಐದು ಕೈಯವು, ಎರಡು ಕಾಲಿನವು. ಶಬ್ದ ಐದರಾಗ ಮುಗೀತೈತಿ, ಎರಡು ಖಾಲಿ ಅಂತ ನಮಗ ಅನಸ್ತೈತಿ. ಹೆಜ್ಜಿ ಅಲ್ಲೇ ಐತ್ರಿ, ಆ ಎರಡು ತಪ್ಪಿದ್ರ ಸಾಲು ತಪ್ಪತೈತಿ."

"ಇತಿಹಾಸದ ಪುಸ್ತಕದಾಗ ದಣಿವು ಮರೀಲಿಕ್ಕೆ ಹಾಡ್ತಾರ ಅಂತ ಅದಲ್ಲ?"

"ಬರದೋರು ಗದ್ದಿಗೆ ಇಳಿದಿಲ್ರಿ ಮೇಡಂ."

ಜಯಶ್ರೀ ಮೇಡಂ ಕುರ್ಚಿಯನ್ನು ಹಿಂದೆ ಸರಿಸಿ ಎದ್ದು ನಿಂತರು. "ಯಂತ್ರ ಆರಸು. ನೀನು ಹಾಡಿ ತೋರಸು. ನಾ ಹಿಡೀತೀನಿ."

ಭಾಗ್ಯ ಚಪ್ಪಲಿ ಬಿಟ್ಟು ಬಗ್ಗಿದಳು. ಬರಿನೆಲದ ಮೇಲೆ ಐದು ಸಲ ಕೈ ಇಳಿಸಿದಳು, ಎರಡು ಹೆಜ್ಜೆ ಹಿಂದೆ ಸರಿದಳು. ಹಾಡು ಎದ್ದಿತು. ಮೇಡಂ ಮೇಜಿನ ಮೇಲೆ ಬೆರಳಲ್ಲಿ ತಬಲಾದ ಬೋಲು ನುಡಿಸಿದರು. ಬೇಕೆಂದೇ ಲಯ ಏರಿಸಿ ನೋಡಿದರು; ಭಾಗ್ಯ ಏರಲಿಲ್ಲ. ಎಳೆದು ನೋಡಿದರು, ಭಾಗ್ಯ ಬಗ್ಗಲಿಲ್ಲ. ಕಡೆಗೆ ಮೇಡಂ ತಾವೇ ಅವಳ ನಡೆಗೆ ಬಂದು ಕೂಡಿದರು. ಅವಳು ಸರಿಯುತ್ತ ಸರಿಯುತ್ತ ಗೋಡೆಯವರೆಗೂ ಹೋಗಿ ತಂಬೂರಿಗಳ ಕಪಾಟಿಗೆ ಬೆನ್ನು ತಾಗಿಸಿದಳು. ಒಳಗಿನ ತಂತಿಗಳೆಲ್ಲ ಒಮ್ಮೆಗೇ ಝುಂ ಎಂದವು. ಆಗ ಅವಳ ಹೆಜ್ಜೆ ಏಳನೆಯ ಮಾತ್ರೆಯ ಮೇಲೆ ನಿಂತಿತ್ತು.

"ಮೂವತ್ತೈದು ವರ್ಷ ಏಳು ಮಾತ್ರಿ ಬಾರಿಸೀನಿ" ಎಂದರು ಜಯಶ್ರೀ ಮೇಡಂ, ಉಸಿರು ತೆಗೆದುಕೊಳ್ಳುತ್ತ. "ಕೂತು ಬಾರಿಸೀನಿ ಅಷ್ಟೇ." ಅವರು ಅರವತ್ತಕ್ಕೆ ಐವತ್ತೆಂಟು ಬರೆದರು.

ರಘೋತ್ತಮ ಮೇಷ್ಟ್ರು ಅಂಕಪಟ್ಟಿಯನ್ನು ತಮ್ಮ ಕಡೆಗೆ ಎಳೆದುಕೊಂಡರು. ತಾವು ಮೊದಲೇ ಕೊಟ್ಟಿದ್ದ ಆಂತರಿಕ ಅಂಕವನ್ನು ಒಂದೇ ಗೆರೆಯಲ್ಲಿ ಹೊಡೆದು, ಬದಿಗೆ ನಲವತ್ತಕ್ಕೆ ಮೂವತ್ತೊಂಬತ್ತು ಎಂದು ಬರೆದು, ಪೂರ್ತಿ ಹೆಸರಿನ ಸಹಿ ಹಾಕಿದರು. "ಕಾರಣ ಬರೀಬೇಕು ಮೇಡಂ, ನಿಯಮ ಅದ" ಎಂದು ಹೇಳಿ, ಎಲ್ಲರಿಗೂ ಕಾಣುವಂತೆ ಬರೆದರು: ಆಂತರಿಕ ಪರೀಕ್ಷಕರು ಮೊದಲು ಸರಿಯಾಗಿ ಕೇಳಿರಲಿಲ್ಲ.

ಭಾಗ್ಯ ಹೊರಬಂದಾಗ ಶ್ರೀವಲ್ಲಿ ಮುಖ ನೋಡಿಯೇ ತಿಳಿದುಕೊಂಡು ಅವಳ ಬೆನ್ನಿಗೊಂದು ಗುದ್ದಿದಳು. ಭಾಗ್ಯ ಊರಿಗೆ ಫೋನು ಮಾಡಿದಳು.

"ಅವ್ವಾ, ಗೆದ್ದ್ಯವ್ವ! ನಿಮ್ಮೆಲ್ಲಾರ ಹೆಸರೂ ಪಟ್ಟಿಗೆ ಏರ್ಯಾವು."

"ಏರಲೇಬೇಕಲ್ಲ" ಎಂದಳು ಹೊನ್ನೂರಮ್ಮ. ಆಮೇಲೆ ದನಿ ಎತ್ತಿ ಆ ಕಡೆ ಯಾರಿಗೋ, "ಕೇಳಿದ್ಯೇನಬೇ ಶಿವಬಸಮ್ಮ, ನಿನ್ನ ಹೆಸರೂ ಐತಂತ!" ಎಂದು ಕೂಗಿದಳು. ಏಳು ಜನರ ನಗು ಫೋನಿನಲ್ಲಿ ಹಿಡಿಸಲಾರದೆ ಒಡೆಯಿತು.

ಮುಂದಿನವಳ ಹೆಸರು ಕರೆಯುವುದು ತಡವಾಗುತ್ತಿತ್ತು. ಮುಚ್ಚಿದ ಬಾಗಿಲಿನ ಆಚೆ ಮುದ್ರಿಕೆ ಮತ್ತೆ ಮೊದಲಿನಿಂದ ಶುರುವಾಯಿತು. ಸ್ವಲ್ಪ ಹೊತ್ತಿಗೆ ಬಾಗಿಲು ತೆರೆದು ರಘೋತ್ತಮ ಮೇಷ್ಟ್ರು ಹೊರಬಂದರು. ಗಡಗಡ ಸದ್ದು ಮಾಡುತ್ತಿದ್ದ ಪಡಸಾಲೆಯ ಫ್ಯಾನಿನ ಗುಂಡಿ ಆರಿಸಿದರು. ಬಾಗಿಲನ್ನು ತೆರೆದೇ ಬಿಟ್ಟು ಒಳಗೆ ಹೋದರು. ಮಳೆ ಮುಖ ತೋರಿಸದ ಆಗಸ್ಟಿನ ಸೆಖೆ. ಸಾಲಿನಲ್ಲಿ ಕುಳಿತಿದ್ದ ಹುಡುಗಿಯರ ಹಣೆಯ ಮೇಲೆ ಬೆವರು ಮೂಡಿ ಹನಿಯಾಯಿತು. ಫ್ಯಾನಿನ ರೆಕ್ಕೆಗಳು ನಿಧಾನವಾಗಿ ತಿರುಗಿ, ಒಂದೊಂದಾಗಿ ಕಣ್ಣಿಗೆ ಕಂಡು, ನಿಂತವು. ಯಾರೂ ಅದನ್ನು ಹಾಕಿರೆಂದು ಕೇಳಲಿಲ್ಲ.