ಒಣಗಿ ಉಳಿದ ಚೌಕ

"ಪದಿಹೇನು ಸಾರ್," ಎಂದಳು ಸುಗಲಮ್ಮ, ತಪಾಸಣೆಗೆ ಬಂದ ಅಧಿಕಾರಿಗೆ. ಮಗಳಿಗೆ ಹದಿನೈದಂತೆ. ಮೇಸ್ತ್ರಿ ಬಾಯಿಪಾಠ ಮಾಡಿಸಿದ ತೆಲುಗು, ಒಂದಕ್ಷರ ತಪ್ಪಲಿಲ್ಲ.

ನರಹರಿಗೆ ನಗು ಬಂತು. ಅರ್ಧ ಗಂಟೆಯ ಹಿಂದಷ್ಟೇ, ಇದೇ ಕಟ್ಟಡದ ಮೆಟ್ಟಿಲ ಮೇಲೆ, ಈ ಹೆಂಗಸು ಮಗಳನ್ನು ಕನ್ನಡದಲ್ಲಿ ಗದರಿದ್ದನ್ನು ಅವನು ಕೇಳಿದ್ದ: "ಹತ್ತು ತುಂಬ್ಯಾವ, ಇನ್ನೂ ಕೊಡ ಹಿಡ್ಯಾಕ ಬರಂಗಿಲ್ಲೇನಲೇ ಶೈಲಾ?"

ಹೈದರಾಬಾದಿನ ಕೂಕಟ್‌ಪಲ್ಲಿಯ ಈ ನಾಲ್ಕನೆಯ ಮಹಡಿಯ ಮನೆ ನರಹರಿಯದಾಗಲಿತ್ತು. ದಸರೆಗೆ ಕೀಲಿಕೈ. ಹೊಸ ಗೋಡೆಗೆ ವಾರವಿಡೀ ನೀರು ಹೊಡೆಯುತ್ತಿದ್ದ ಶೈಲಾಳನ್ನು ಕಂಡು, ಕಾರ್ಮಿಕ ಇಲಾಖೆಗೆ ಫೋನು ಮಾಡಿದವನೂ ಅವನೇ. ಒಬ್ಬ ಮನಸ್ಸು ಮಾಡಿದರೆ ಸಾಕು ಎಂದು ಹೈಟೆಕ್ ಸಿಟಿಯ ಆಫೀಸಿನಲ್ಲಿ ಎಲ್ಲರೆದುರು ಹೇಳಿದ್ದ. ಹೇಳುವಾಗ ನಂಬಿಯೂ ಇದ್ದ.

"ಹದಿನಾಲ್ಕರ ಒಳಗಿದ್ದರೆ ಇವತ್ತೇ ಹಾಸ್ಟೆಲ್ ಶಾಲೆಗೆ ಕಳಿಸ್ತೀನಿ. ಈ ಕಟ್ಟಡದ ಕೆಲಸಾನೂ ನಿಲ್ಲಿಸ್ತೀನಿ," ಎಂದ ಅಧಿಕಾರಿ ಜನಾರ್ದನ ತೆಲುಗಿನಲ್ಲಿ. "ನಿಜವಾದ ವಯಸ್ಸು ಯಾರಿಗಾದರೂ ಗೊತ್ತೇ?"

ನರಹರಿಯ ಮೊಬೈಲು ಬಡಿದುಕೊಂಡಿತು. ಹೆಂಡತಿ ಶ್ರೀವಿದ್ಯಾ.

"ದಸರಾಕ್ಕ ಮನಿ ಸಿಗತೈತಲ್ಲರೀ? ಅಪ್ಪಾಜಿಗೆ ಟಿಕೆಟ್ ತಗೀಸಾಕ ಹೇಳೀನಿ."

"ಸಿಗತೈತಿ," ಎಂದ. ದನಿ ಗಟ್ಟಿಯಾಗಿತ್ತು.

ಸುಗಲಮ್ಮ ಅದನ್ನು ಕೇಳಿಸಿಕೊಂಡಳು. ಸೆರಗಿಗೆ ಕೈ ಒರೆಸುತ್ತ ಹತ್ತಿರ ಬಂದು ತಗ್ಗಿದ ದನಿಯಲ್ಲಿ ಕೇಳಿದಳು: "ನೀವು ನಮ್ಮ ಕಡ್ಯಾವ್ರೇನ್ರೀ ಸಾಹೇಬ್ರ? ಸಾಲಿಗೆ ಹಾಕ್ತಾರಂತ, ಖರೇನಾ? ಖರೇ ಇದ್ರ ಆಕಿಗೆ ಹತ್ತಂತ ನೀವಾ ಹೇಳಿಬಿಡ್ರಿ. ನಾ ಬಾಯಿ ಬಿಟ್ರ ಮೇಸ್ತ್ರಿ ನಮ್ಮನ್ನ ಇಲ್ಲಿ ಇಡಂಗಿಲ್ಲ."

ನರಹರಿ ಅವಳ ಮುಖ ನೋಡಿದ.

"ಏಮಿ?" ಎಂದ ತೆಲುಗಿನಲ್ಲಿ.

ಮನೆಯ ಹೊರಗೆ ಕನ್ನಡ ಆಡಿ ರೂಢಿಯಿಲ್ಲ, ಅಷ್ಟೇ ಎಂದುಕೊಂಡ.

ಹುಡುಗಿಗೆ ಹದಿನೈದು ಎಂದು ಬರೆದ ಕಾಗದಕ್ಕೆ ಜನಾರ್ದನ ಅವನ ಸಹಿ ಹಾಕಿಸಿಕೊಂಡ. 'ಇಲ್ಲಿ ಬಾಲಕಾರ್ಮಿಕರಿಲ್ಲ' ಎಂಬ ತೆಲುಗು ನೋಟೀಸನ್ನು ಹೊಸ ಗೋಡೆಗೆ ಅಂಟಿಸಿ, ಒದ್ದೆ ಮಾಡಬೇಡಿ ಎಂದ. "ನಿಮ್ಮಂಥವರು ಇನ್ನಷ್ಟು ಜನ ಬೇಕು ಸಾರ್." ಹೌದು ಎನ್ನಿಸಿತು ನರಹರಿಗೆ. ಮಾಡಬೇಕಾದುದನ್ನು ಮಾಡಿಯಾಗಿತ್ತು.

ಜೀಪು ಹೋಯಿತು. ಶೈಲಾ ಮಗ್ಗು ಎತ್ತಿಕೊಂಡಳು. ಕಾಗದಕ್ಕೆ ಹನಿಯೂ ತಾಗದಂತೆ, ಸುತ್ತ, ಮೇಲೆ, ಕೆಳಗೆ, ಪೂಜೆಯಷ್ಟು ಜೋಪಾನವಾಗಿ ನೀರು ಹೊಡೆದಳು. ಗೋಡೆಯಿಡೀ ಕಪ್ಪಾಯಿತು. ನೀರು ಕಾಣದ ಗಾರೆ ಬಿರುಕು ಬಿಡುತ್ತದೆ. ಅದನ್ನು ಅವಳಿಗೆ ಹೇಳಬೇಕೆಂದು ನರಹರಿ ಬಾಯಿ ತೆರೆದ. ನಾಲಗೆಗೆ ಬಂದದ್ದು ಕನ್ನಡ; ಬಾಯಿ ಮುಚ್ಚಿಕೊಂಡ.

ನಡುವೆ, ಕಾಗದದ ಅಡಿಯಲ್ಲಿ, ಒಂದು ಚೌಕ ಬೆಳ್ಳಗೆ ಒಣಗುತ್ತಿತ್ತು.